ಮಠವೇ ಊರಾದ ಬೇಬನ್‌ಹೌಸನ್

ಪ್ರಶ್ನೆ: ಮಗಳ ಬಾಣಂತನಕ್ಕೆ ಅಂತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆ. ಒಂದು ಭಾನುವಾರ ಅಳಿಯಂದಿರು ಟ್ಯೂಬಿಂಗನ್ ಹತ್ತಿರದ ಬೇಬನ್‌ಹೌಸನ್ ಅನ್ನೋ ಪುಟ್ಟ ಹಳ್ಳಿಗೆ ಕರೆದುಕೊಂಡು ಹೋದರು. ಹಳೇ ಮಠ ಅಂದರು. ಒಳಗೆ ನೋಡಿದರೆ ಒಬ್ಬ ಸನ್ಯಾಸಿಯೂ ಇಲ್ಲ, ಗೋಡೆ ತುಂಬ ಜಿಂಕೆ ಕೊಂಬು, ರಾಜರ ಬಚ್ಚಲುಮನೆ ಬೇರೆ! ಗೈಡ್ ಜರ್ಮನ್‌ನಲ್ಲಿ ಹೇಳಿದ್ದು ಒಂದೂ ತಿಳಿಯಲಿಲ್ಲ. ಇದು ಮಠವೋ ಅರಮನೆಯೋ? ಸನ್ಯಾಸಿಗಳೆಲ್ಲ ಎಲ್ಲಿ ಹೋದರು?
– ಓದುಗರು, ಶಿವಮೊಗ್ಗ

ಉತ್ತರ: ಎರಡೂ ಹೌದು. ನಡುವೆ ಶಾಲೆ ಆಗಿತ್ತು, ಸ್ವಲ್ಪ ದಿನ ವಿಧಾನಸಭೆಯೂ ಆಗಿತ್ತು. ಮನೆ ಗಟ್ಟಿಯಾಗಿದ್ದರೆ ಬಾಡಿಗೆದಾರರು ಬರ್ತಾನೇ ಇರ್ತಾರೆ ಅಲ್ವಾ, ಹಾಗೆ.

ಮೊದಲಿಂದ ಹೇಳ್ತೀನಿ. 1183ರ ಸುಮಾರಿಗೆ ಟ್ಯೂಬಿಂಗನ್‌ನ ದೊರೆ ರುಡಾಲ್ಫ್ ಈ ಮಠ ಕಟ್ಟಿಸಿದ. ಮೊದಲು ಬಂದವರು ಪ್ರೆಮಾನ್‌ಸ್ಟ್ರಟೆನ್ಸಿಯನ್ ಅನ್ನೋ ಕ್ಯಾಥೊಲಿಕ್ ಕ್ರೈಸ್ತ ಪಂಥದವರು. ಹೆಸರು ಹೇಳುವಷ್ಟರಲ್ಲಿ ನಾಲಿಗೆ ತೊಡರುತ್ತೆ, ಆದರೆ ಜಾಸ್ತಿ ನೆನಪಿಟ್ಟುಕೊಳ್ಳಬೇಕಿಲ್ಲ, ಏಕೆಂದರೆ ಕೆಲವೇ ವರ್ಷಕ್ಕೆ ಗಂಟುಮೂಟೆ ಕಟ್ಟಿ ಹೊರಟುಬಿಟ್ಟರು. 1190ರ ಹೊತ್ತಿಗೆ ಹೈಡೆಲ್‌ಬರ್ಗ್ ಹತ್ತಿರದ ಶೋನೌ ಮಠದಿಂದ ಸಿಸ್ಟರ್ಷಿಯನ್ ಸನ್ಯಾಸಿಗಳು ಬಂದರು. ಇವರು ನಿಂತರು.

ಸಿಸ್ಟರ್ಷಿಯನ್ ಅಂದರೆ 1098ರಲ್ಲಿ ಫ್ರಾನ್ಸ್‌ನ ಸೀತೋ ಎಂಬಲ್ಲಿ ಶುರುವಾದ ಪಂಥ. ಊರ ಗದ್ದಲದಿಂದ ದೂರ ಇರಬೇಕು, ಹತ್ತಿರ ನೀರಿರಬೇಕು, ಕೈಕೆಸರು ಮಾಡಿಕೊಂಡು ದುಡಿಯಬೇಕು, ಸರಳವಾಗಿ ಬದುಕಬೇಕು, ಇದು ಅವರ ಕಟ್ಟುಪಾಡು. ಶೋನ್‌ಬುಖ್ ಕಾಡಿನ ನಡುವೆ ತೊರೆ ಹರಿಯುವ ಈ ಕಣಿವೆ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಠದಲ್ಲಿ ಎರಡು ಥರದ ಜನ. ಓದುಬರಹ ಕಲಿತು ದಿನಕ್ಕೆ ಹಲವು ಸಲ ಪ್ರಾರ್ಥನೆ ಮಾಡುವವರು ಒಂದು ಕಡೆ, ಹೊಲ, ದನ, ಕಮ್ಮಾರಿಕೆ ನೋಡಿಕೊಳ್ಳುವವರು ಇನ್ನೊಂದು ಕಡೆ. ಊಟದ ಮನೆ, ಮಲಗುವ ಜಾಗ ಎಲ್ಲ ಬೇರೆಬೇರೆ. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ರಾ?

ಸರಳತೆ ಅಂದೆನಲ್ಲ, ಅದರ ಕಥೆ ಮಜವಾಗಿದೆ. ಚರ್ಚಿಗೆ ದೊಡ್ಡ ಗೋಪುರ ಕಟ್ಟಬಾರದು, ಮಾಡಿನ ಮೇಲೆ ಗಂಟೆಗೊಂದು ಪುಟ್ಟ ಗೂಡು ಸಾಕು ಅಂತ ಪಂಥದ ನಿಯಮ. 1228ರಲ್ಲಿ ಪ್ರತಿಷ್ಠೆಯಾದ ಚರ್ಚು ಹಾಗೇ ಇತ್ತು. ಆದರೆ ಅಷ್ಟು ಹೊತ್ತಿಗೆ ಭಕ್ತರು ಕೊಟ್ಟ ಜಮೀನು, ದ್ರಾಕ್ಷಿ ತೋಟ ಸೇರಿಸೇರಿಸಿ ಮಠ ಸಿರಿವಂತವಾಗುತ್ತಾ ಇತ್ತು. ದವಸ, ವೈನ್ ಕೂಡಿಟ್ಟು ಮಾರೋಕೆ ಟ್ಯೂಬಿಂಗನ್, ಎಸ್ಲಿಂಗನ್ ಪೇಟೆಗಳಲ್ಲಿ ದೊಡ್ಡ ಕಟ್ಟಡಗಳನ್ನೇ ಇಟ್ಟುಕೊಂಡಿತ್ತು, ಅವು ಇವತ್ತೂ ನಿಂತಿವೆ. ಅತ್ತ ಮಠ ಕಟ್ಟಿಸಿದ ರುಡಾಲ್ಫನ ಮನೆತನ ಸಾಲದಲ್ಲಿ ಮುಳುಗಿ 1342ರಲ್ಲಿ ಟ್ಯೂಬಿಂಗನ್ ಊರನ್ನೇ ಸ್ಟುಟ್‌ಗಾರ್ಟ್ ಕಡೆಯ ವ್ಯುರ್ಟೆಂಬರ್ಗ್ ನಾಡಿನ ದೊರೆಗಳಿಗೆ ಮಾರಿತು. ಕೈಯಲ್ಲಿ ದುಡ್ಡಿದ್ದ ಸನ್ಯಾಸಿಗಳು 1407ರಿಂದ 1409ರ ನಡುವೆ ಆ ಗಂಟೆಗೂಡಿನ ಜಾಗದಲ್ಲಿ ಕಲ್ಲಿನದೇ ಒಂದು ಶಿಖರ ಏರಿಸಿದರು, ಅದೂ ಜಾಲರಿ ಥರ ಕೊರೆದದ್ದು. ನೀವು ಚರ್ಚಿನ ಮೇಲೆ ನೋಡಿರ್ತೀರಲ್ಲ, ಅದೇ. ಹೆಸರಿಗೆ ಇದೂ ಗೋಪುರ ಅಲ್ಲ. ನಿಯಮವನ್ನೂ ಮುರಿಯಲಿಲ್ಲ, ಆಸೆಯನ್ನೂ ಬಿಡಲಿಲ್ಲ.

ಇನ್ನು ಸನ್ಯಾಸಿಗಳು ಎಲ್ಲಿ ಹೋದರು ಅನ್ನೋದು. 1534ರಲ್ಲಿ ವ್ಯುರ್ಟೆಂಬರ್ಗ್‌ನ ಡ್ಯೂಕ್ ಉಲ್ರಿಖ್ ತನ್ನ ನಾಡನ್ನು ಪ್ರಾಟೆಸ್ಟೆಂಟ್ ಮತಕ್ಕೆ, ಅಂದರೆ ಕ್ಯಾಥೊಲಿಕರಿಂದ ಬೇರೆಯಾಗಿ ಮಠ, ಸನ್ಯಾಸ ಒಪ್ಪದ ಕ್ರೈಸ್ತ ಮತಕ್ಕೆ ತಿರುಗಿಸಿದ. ಮಠಗಳನ್ನು ಮುಚ್ಚಿಸಿದ, ಆಸ್ತಿ ವಶ ಮಾಡಿಕೊಂಡ. ಮತದ ಕಾರಣ ಇತ್ತು, ನಿಜ. ಖಾಲಿಯಾಗಿದ್ದ ಬೊಕ್ಕಸವೂ ಒಂದು ಕಾರಣ ಅಂತ ನನ್ನ ಲೆಕ್ಕ. ಚರ್ಚಿನ ಉದ್ದನೆಯ ಭಾಗದ ಬಹುಪಾಲನ್ನು ಕೆಡವಿ ಕಲ್ಲುಗಳನ್ನು ಟ್ಯೂಬಿಂಗನ್ ಕೋಟೆಯ ಅರಮನೆಗೆ ಸಾಗಿಸಿದರು. ಚರ್ಚು ಈಗ ಮೊಟಕಾಗಿ ಕಾಣೋದು ಅದಕ್ಕೇ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧದಲ್ಲಿ ಕ್ಯಾಥೊಲಿಕರ ಕೈ ಮೇಲಾದಾಗ ಸನ್ಯಾಸಿಗಳು ವಾಪಸ್ ಬಂದರು. 1648ರ ಶಾಂತಿ ಒಪ್ಪಂದ ಆದ ಮೇಲೆ ಮತ್ತೆ ಹೊರಟರು. ಆಮೇಲೆ ಬರಲಿಲ್ಲ.

ಕಟ್ಟಡ ಬಚಾವಾಗಿದ್ದು ಶಾಲೆಯಿಂದ. ಉಲ್ರಿಖ್‌ನ ಮಗ ಕ್ರಿಸ್ಟೋಫ್ 1556ರಲ್ಲಿ ನಾಡಿನ ಮಠಗಳಲ್ಲಿ ಹುಡುಗರ ಶಾಲೆ ತೆರೆಸಿದ. ಜಾಣ ಹುಡುಗರನ್ನು ಆರಿಸಿ, ಉಚಿತವಾಗಿ ಊಟ, ಪಾಠ ಕೊಟ್ಟು ಪಾದ್ರಿ ಕೆಲಸಕ್ಕೆ ತಯಾರು ಮಾಡೋದು. ಬೇಬನ್‌ಹೌಸನ್‌ನಲ್ಲಿ ಇದು 1807ರವರೆಗೆ ನಡೆಯಿತು. ತತ್ವಶಾಸ್ತ್ರಜ್ಞ ಶೆಲಿಂಗ್ ಬೆಳೆದದ್ದು ಇದೇ ಅಂಗಳದಲ್ಲಿ, ಅವನಪ್ಪ ಇಲ್ಲಿ ಮೇಷ್ಟ್ರು. ಆ ಹುಡುಗ ಹದಿನೈದಕ್ಕೇ ಟ್ಯೂಬಿಂಗನ್‌ಗೆ ಓದಲು ಹೋಗಿ ಮುಂದೆ ದೊಡ್ಡ ತತ್ವಜ್ಞಾನಿಯಾದ ಹೆಗೆಲ್, ಕವಿಯಾದ ಹ್ಯೋಲ್ಡರ್ಲಿನ್ ಜೊತೆ ಒಂದೇ ಕೋಣೆಯಲ್ಲಿದ್ದ.

ಶಾಲೆ ಮೌಲ್‌ಬ್ರಾನ್ ಅನ್ನೋ ಇನ್ನೊಂದು ಹಳೇ ಮಠಕ್ಕೆ ಹೋದ ಮೇಲೆ ಬಂದವರು ವ್ಯುರ್ಟೆಂಬರ್ಗ್ ರಾಜರು, ಬೇಟೆಗೆ. ಸುತ್ತ ಕಾಡು, ಕಾಡಲ್ಲಿ ಜಿಂಕೆ. ನೀವು ನೋಡಿದ ಕೊಂಬಿನ ಲೆಕ್ಕ ಅಲ್ಲಿಗೆ ಸಿಕ್ತು. ಈ ಹೊತ್ತಿಗೆ ಮಠದ ಹಳೇ ಕಟ್ಟಡಗಳಲ್ಲಿ, ಗೋಡೆಯ ಆಸುಪಾಸಲ್ಲಿ ಜನ ಸಂಸಾರ ಹೂಡಿದ್ದರು. 1823ರಲ್ಲಿ ಅದು ಅಧಿಕೃತವಾಗಿ ಊರಾಯಿತು. ನಾವು ಸಾಮಾನ್ಯವಾಗಿ ಊರಲ್ಲಿ ಮಠ ನೋಡಿರ್ತೀವಿ, ಇಲ್ಲಿ ಮಠದಲ್ಲಿ ಊರು! ಈಗ ಸುಮಾರು 350 ಜನ ಇದ್ದಾರೆ, 1974ರಿಂದ ಟ್ಯೂಬಿಂಗನ್ ನಗರಕ್ಕೆ ಸೇರಿದೆ.

ಪ್ರಶ್ನೆ: ಬೇಬನ್‌ಹೌಸನ್‌ನಲ್ಲಿ ಎರಡನೇ ವಿಲ್‌ಹೆಲ್ಮ್ ತೀರಿಕೊಂಡ ಅಂತ ಎಲ್ಲೋ ಓದಿದೆ. ಆ ಕೈಸರ್ ಹಾಲೆಂಡಿಗೆ ಓಡಿಹೋಗಿದ್ದನಲ್ಲ?
– ಇತಿಹಾಸ ವಿದ್ಯಾರ್ಥಿ, ಧಾರವಾಡ

ಉತ್ತರ: ಇವರಿಬ್ಬರೂ ಬೇರೆಬೇರೆ. ಕೈಸರ್, ಅಂದರೆ ಇಡೀ ಜರ್ಮನಿಯ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್ ಸತ್ತಿದ್ದು 1941ರಲ್ಲಿ, ಹಾಲೆಂಡಿನ ಡೋರ್ನ್‌ನಲ್ಲಿ. ಬೇಬನ್‌ಹೌಸನ್‌ನವನು ವ್ಯುರ್ಟೆಂಬರ್ಗ್‌ನ ಕೊನೇ ರಾಜ, ಅವನ ಹೆಸರೂ ಎರಡನೇ ವಿಲ್‌ಹೆಲ್ಮ್. ಸ್ವಭಾವ ಮಾತ್ರ ತೀರಾ ಬೇರೆ. ಸ್ಟುಟ್‌ಗಾರ್ಟ್ ಬೀದಿಯಲ್ಲಿ ಎರಡು ನಾಯಿ ಹಿಡ್ಕೊಂಡು ವಾಕಿಂಗ್ ಹೋಗುತ್ತಿದ್ದ, ಸಿಕ್ಕವರ ಜೊತೆ ಮಾತಾಡುತ್ತಿದ್ದ.

ಅಂಥವನ ಮನೆಗೂ 1918ರ ನವೆಂಬರ್ 9ರಂದು ಕ್ರಾಂತಿಯ ಗುಂಪು ನುಗ್ಗಿತು. ಅವನಿಗೆ ಏಟೇನೂ ಬೀಳಲಿಲ್ಲ, ಆದರೆ ಮನಸ್ಸಿಗೆ ನಾಟಿತು. ಅಂದು ಸಂಜೆಯೇ ಬೇಬನ್‌ಹೌಸನ್‌ಗೆ ಹೊರಟ. ನವೆಂಬರ್ 30ರಂದು ಪಟ್ಟ ಬಿಟ್ಟ. ಸ್ಟುಟ್‌ಗಾರ್ಟ್‌ಗೆ ಮತ್ತೆ ಕಾಲಿಡಲಿಲ್ಲ. 1921ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಲುಡ್ವಿಗ್ಸ್‌ಬರ್ಗ್‌ನಲ್ಲಿ ಮಣ್ಣು ಮಾಡಬೇಕಿತ್ತು. ದಾರಿಯಲ್ಲೇ ಸ್ಟುಟ್‌ಗಾರ್ಟ್ ಸಿಗುತ್ತೆ, ಆದರೆ ಹೆಣವನ್ನು ಊರ ಸುತ್ತು ಬಳಸಿ ತೆಗೆದುಕೊಂಡು ಹೋದರು. ಅವನ ಇಚ್ಛೆಯೇ ಹಾಗಿತ್ತು.

ರಾಣಿ ಶಾರ್ಲೊಟ್ ಮಠದಲ್ಲೇ ಉಳಿದಳು. 1946ರ ಜುಲೈನಲ್ಲಿ ಅವಳೂ ಹೋದಳು. ಆಗ ಎರಡನೇ ಮಹಾಯುದ್ಧ ಮುಗಿದು ಈ ಭಾಗ ಫ್ರೆಂಚರ ಹಿಡಿತದಲ್ಲಿತ್ತು, ವ್ಯುರ್ಟೆಂಬರ್ಗ್-ಹೊಹೆನ್‌ಸೊಲರ್ನ್ ಅನ್ನೋ ಪುಟ್ಟ ರಾಜ್ಯ ಹುಟ್ಟಿತ್ತು. ಅದೇ ನವೆಂಬರ್‌ನಲ್ಲಿ ಅದರ ಸಭೆ ಎಲ್ಲಿ ಸೇರಿತು ಗೊತ್ತಾ? ಇದೇ ಮಠದಲ್ಲಿ. 1947ರಿಂದ 1952ರವರೆಗೆ, ಅಂದರೆ ಈಗಿನ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಆಗುವವರೆಗೂ, ಶಾಸಕರು ಸನ್ಯಾಸಿಗಳ ಚಳಿಗಾಲದ ಊಟದ ಮನೆಯಲ್ಲಿ ಕೂತು ಕಾನೂನು ಮಾಡಿದರು.

ಪ್ರಶ್ನೆ: ಟ್ಯೂಬಿಂಗನ್ ನಮ್ಮ ಕಿಟ್ಟೆಲ್ ಅವರ ಊರಲ್ವಾ?
– ನಿವೃತ್ತ ಶಿಕ್ಷಕಿ, ಮಂಗಳೂರು

ಉತ್ತರ: ಹುಟ್ಟೂರಲ್ಲ ಮೇಡಂ. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲ ಸೀಮೆಯಲ್ಲಿ. ಆದರೆ 1894ರಲ್ಲಿ ಕನ್ನಡ ನಿಘಂಟು ಅಚ್ಚಾದ ಮೇಲೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, 1903ರಲ್ಲಿ ಕೊನೆಯುಸಿರೆಳೆದದ್ದೂ ಅದೇ ಊರಲ್ಲಿ. ನಿಮ್ಮೂರಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೊಗ್ಲಿಂಗ್ ಕೂಡ ಟ್ಯೂಬಿಂಗನ್‌ನಲ್ಲೇ ಓದಿದವರು. ಅಲ್ಲಿಗೆ ಹೋದರೆ ಬೇಬನ್‌ಹೌಸನ್ ಬಿಡಬೇಡಿ, ಐದು ಕಿಲೋಮೀಟರ್ ಅಷ್ಟೆ, ಬಸ್ಸಿದೆ. ಚಳಿಗಾಲದಲ್ಲಾದರೆ ಸ್ವೆಟರ್ ಇರಲಿ. ಸನ್ಯಾಸಿಗಳು ಮೈ ಕಾಯಿಸಿಕೊಳ್ಳುತ್ತಿದ್ದ ಕೋಣೆ ಇದೆ, ಬೆಂಕಿ ಹಾಕೋರಿಲ್ಲ.