ಲೊಫೊಟೆನ್‌ನ ರೈನೆಬ್ರಿಂಗೆನ್ ಬೆಟ್ಟ ನಮ್ಮಿಂದ ಹತ್ತಲು ಆಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಆಗಸ್ಟ್ ಕೊನೆಯ ವಾರ ದಂಪತಿ ಇಬ್ಬರೂ ನಾರ್ವೆಯ ಲೊಫೊಟೆನ್ ದ್ವೀಪಗಳಿಗೆ ಹೋಗುತ್ತಿದ್ದೀರಿ, ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತುವ ಅಭ್ಯಾಸವಿದೆ, ರೈನೆಬ್ರಿಂಗೆನ್ ಆಗುತ್ತದೆಯೇ, ಗೈಡ್ ಬೇಕೇ, ಸೂರ್ಯಾಸ್ತ ನೋಡಲು ಸಂಜೆ ಹತ್ತಬಹುದೇ?

ಆಗುತ್ತದೆ. ಗೈಡ್ ಬೇಡ. ಸಂಜೆ ಬೇಡ, ಬೆಳಿಗ್ಗೆ ಹೋಗಿ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಬೆಟ್ಟದ ಎತ್ತರ 448 ಮೀಟರ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ನೀವು ಹೊರಡುವುದೇ ಸಮುದ್ರದ ಮಟ್ಟದಿಂದ, ಹಾಗಾಗಿ ಆ ಎತ್ತರ ಹೆಚ್ಚುಕಮ್ಮಿ ಪೂರ್ತಿಯಾಗಿ ನಿಮ್ಮ ಕಾಲಿನ ಲೆಕ್ಕಕ್ಕೇ ಬರುತ್ತದೆ. ದಾರಿಯುದ್ದಕ್ಕೂ ಕಲ್ಲಿನ ಮೆಟ್ಟಿಲು, ಎಲ್ಲರೂ ಹೇಳುವ ಲೆಕ್ಕ 1978. ಚಾಮುಂಡಿಯ ಸಾವಿರದೆಂಟರ ಹತ್ತಿರ ಹತ್ತಿರ ಎರಡರಷ್ಟು. ಇಲ್ಲಿ ನಡುವೆ ನಂದಿ ಇಲ್ಲ, ಮಂಟಪವಿಲ್ಲ, ಮಜ್ಜಿಗೆ ಮಾರುವವರಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ ಎಂದೇ ಎಣಿಸಿ ಹೊರಡಿ. ಮೇಲೆ ಹೋದಮೇಲೆ ಬಸ್ಸಿನಲ್ಲಿ ಇಳಿದುಬಿಡೋಣ ಅನ್ನುವಂತೆಯೂ ಇಲ್ಲ. ಹತ್ತಿದಷ್ಟನ್ನೂ ಇಳಿಯಬೇಕು.

ಈ ಮೆಟ್ಟಿಲುಗಳನ್ನು ಕಟ್ಟಿದವರು ನೇಪಾಳದಿಂದ ಬಂದ ಶೆರ್ಪಾಗಳು. 2016ರಲ್ಲಿ ಕೆಲಸ ಶುರುವಾಗಿ 2019ರ ಹೊತ್ತಿಗೆ ಮೆಟ್ಟಿಲು ಏಣಿನವರೆಗೆ, ಅಂದರೆ ಬೆಟ್ಟದ ಮೇಲಿನ ಕಿರಿದಾದ ಅಂಚಿನವರೆಗೆ, ಮುಟ್ಟಿತು. ಅದಕ್ಕೂ ಮೊದಲು ಇದು ಬರೀ ಕೆಸರು ಮತ್ತು ಸಡಿಲ ಕಲ್ಲಿನ ಕಡಿದಾದ ದಾರಿ. ಸಾವಿರಾರು ಜನ ತುಳಿದು ಹುಲ್ಲು ಕಿತ್ತುಹೋಗಿ, ಮಣ್ಣು ಕೊಚ್ಚಿಹೋಗಿ, ಮೇಲಿನವರ ಕಾಲು ತಗುಲಿದ ಕಲ್ಲು ಕೆಳಗಿನವರ ಮೇಲೆ ಉರುಳುತ್ತಿತ್ತು. ಹೆಲಿಕಾಪ್ಟರಿನಲ್ಲಿ ದೊಡ್ಡ ದೊಡ್ಡ ಚೀಲಗಳಲ್ಲಿ ಕಲ್ಲು ತಂದಿಳಿಸಿ, ಒಂದೊಂದನ್ನೂ ಕೈಯಿಂದ ಕೂರಿಸಿದ್ದಾರೆ. ಅಂಥ ಇಳಿಜಾರಿನಲ್ಲಿ ಅಷ್ಟು ಗಟ್ಟಿ ಕೆಲಸ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇದನ್ನೆಲ್ಲ ಹೇಳಲು ಕಾರಣವಿದೆ. ಮೆಟ್ಟಿಲಿನ ಪಕ್ಕದ ಮಣ್ಣು ಈಗಲೂ ಸಡಿಲವೇ. ಮುಂದಿನವರನ್ನು ದಾಟುವ ಆತುರದಲ್ಲಿ ಪಕ್ಕಕ್ಕೆ ಕಾಲಿಟ್ಟರೆ ಹಳೆಯ ತೊಂದರೆಯೇ ಮರುಕಳಿಸುತ್ತದೆ. ಕಾದು, ಅಗಲವಾದ ಮೆಟ್ಟಿಲು ಸಿಕ್ಕಲ್ಲಿ ದಾಟಿ. ಅಪ್ಪಿತಪ್ಪಿ ಕಲ್ಲು ಉರುಳಿದರೆ ಜೋರಾಗಿ 'ಸ್ಟೈನ್' ಎಂದು ಕೂಗಿ. ನಾರ್ವೇಜಿಯನ್‌ನಲ್ಲಿ ಕಲ್ಲು ಎಂದರ್ಥ, ಕೆಳಗಿನವರಿಗೆ ತಕ್ಷಣ ತಿಳಿಯುತ್ತದೆ.

ಬೆಟ್ಟ ಇರುವುದು ಮೊಸ್ಕೆನೆಸೊಯ ದ್ವೀಪದಲ್ಲಿ, ರೈನೆ ಊರಿನ ನೆತ್ತಿಯ ಮೇಲೆ. ಮುಖ್ಯರಸ್ತೆ ಇ10 ಇನ್ನು ಕೆಲವೇ ಕಿಲೋಮೀಟರ್ ಮುಂದೆ ಹೋಗಿ 'ಓ' ಎಂಬ ಒಂದೇ ಅಕ್ಷರದ ಹೆಸರಿನ ಊರಿನಲ್ಲಿ ಮುಗಿದುಹೋಗುತ್ತದೆ. ಲೆಕ್ನೆಸ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ, ಸ್ವೋಲ್ವೆರ್‌ನಿಂದ ಎರಡು ಗಂಟೆಗೂ ಮೇಲೆ. ಬೋಡೊ ನಗರದಿಂದ ಮೊಸ್ಕೆನೆಸ್‌ಗೆ ಕಾರು ಸಮೇತ ಫೆರ್ರಿಯಲ್ಲಿ ಮೂರು ಗಂಟೆಗಿಂತ ಹೆಚ್ಚೇ ಬೇಕು, ಅಲ್ಲಿ ಇಳಿದರೆ ರೈನೆ ಪಕ್ಕದಲ್ಲೇ. ಜೋರು ಗಾಳಿಯ ದಿನ ಫೆರ್ರಿ ತಡವಾಗುವುದು, ರದ್ದಾಗುವುದು ಇದ್ದದ್ದೇ. ಊರಿಗೆ ಮರಳುವ ವಿಮಾನ ಮತ್ತು ಫೆರ್ರಿಯ ನಡುವೆ ಒಂದು ಇಡೀ ದಿನ ಖಾಲಿ ಬಿಡಿ. ರೈನೆಯ ಸುತ್ತ ಕನಿಷ್ಠ ಎರಡು ರಾತ್ರಿ, ಸಾಧ್ಯವಾದರೆ ಮೂರು ರಾತ್ರಿ ಉಳಿಯಿರಿ. ಒಂದೇ ದಿನ ಇಟ್ಟುಕೊಂಡವರು ಮಳೆಯಲ್ಲೂ ಹತ್ತಿಯೇ ತೀರುವ ಹಟಕ್ಕೆ ಬೀಳುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಹತ್ತುವ ದಾರಿ ಶುರುವಾಗುವುದು ರೈನೆಯ ದಕ್ಷಿಣಕ್ಕಿರುವ ರಾಮ್ಸ್‌ವಿಕ್ ಸುರಂಗದ ಹೊರಬದಿಯಲ್ಲಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ರಸ್ತೆ ಅಂಚಿನಲ್ಲಿ ನಿಲ್ಲಿಸಲೇಬೇಡಿ. ರೈನೆಯ ಹಣ ಕೊಡುವ ಪಾರ್ಕಿಂಗ್‌ನಲ್ಲಿ ಬಿಟ್ಟು ಒಂದೂವರೆ-ಎರಡು ಕಿಲೋಮೀಟರ್ ನಡೆಯಿರಿ. ಸುರಂಗದೊಳಗೆ ನುಗ್ಗಬೇಡಿ. ಅದರ ಹೊರಗೆ ಸಮುದ್ರದ ಕಡೆಯಿಂದ ಬಳಸಿ ಹೋಗುವ ಹಳೆಯ ರಸ್ತೆಯಿದೆ, ನಡೆಯುವವರಿಗೆ ಅದೇ ದಾರಿ, ಮೆಟ್ಟಿಲು ಸಿಗುವುದೂ ಅದೇ ರಸ್ತೆಯ ಪಕ್ಕದಲ್ಲಿ. ಬೆಟ್ಟದ ಮೇಲೆ ಶೌಚಾಲಯವಿಲ್ಲ. ಊರಲ್ಲೇ ಮುಗಿಸಿಕೊಂಡು ಹೊರಡಿ.

ಇನ್ನು ಹವಾಮಾನ. ಬೇರೆಲ್ಲವನ್ನೂ ಮರೆತರೂ ಇದನ್ನು ಮರೆಯಬೇಡಿ. ಈ ದ್ವೀಪ ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿದ್ದರೂ ಬೆಚ್ಚನೆಯ ಸಾಗರ ಪ್ರವಾಹದಿಂದಾಗಿ ಬೇಸಿಗೆಯಲ್ಲಿ ಹಿಮವಿರುವುದಿಲ್ಲ. ಅದೇ ಕಡಲಿನಿಂದ ಬರುವ ತೇವ ಮಾತ್ರ ನೇರವಾಗಿ ಎದ್ದು ನಿಂತ ಬಂಡೆಗಳಿಗೆ ಬಡಿದು ಮೋಡವಾಗಿ, ಮಳೆಯಾಗಿ ಇಳಿಯುತ್ತಲೇ ಇರುತ್ತದೆ. ಕೆಳಗೆ ರೈನೆಯಲ್ಲಿ ಬಿಸಿಲು, ಮೇಲೆ ಏಣಿನಲ್ಲಿ ಮಂಜು, ಇದು ಸಾಮಾನ್ಯ. ನಾರ್ವೆಯ ಹವಾಮಾನ ಸಂಸ್ಥೆಯ 'ಯರ್' ಆ್ಯಪ್ ಹಾಕಿಕೊಳ್ಳಿ, ಗಂಟೆಗಂಟೆಯ ಮುನ್ಸೂಚನೆ ಸಿಗುತ್ತದೆ. ಅದರಲ್ಲಿ ಗಾಳಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂದಿರುತ್ತದೆ, ನಮ್ಮ ಕಣ್ಣಿಗೆ ಆ ಅಂಕಿ ಸಣ್ಣದಾಗಿ ಕಂಡು ಮೋಸ ಮಾಡುತ್ತದೆ. 3.6ರಿಂದ ಗುಣಿಸಿ: 10 ಎಂದರೆ ಗಂಟೆಗೆ 36 ಕಿಲೋಮೀಟರ್. ಜೊತೆಗೆ ರೈನೆ ಎಂದು ಹಾಕಿದರೆ ತೋರಿಸುವುದು ಊರಿನ ಗಾಳಿ, ಏಣಿನ ಮೇಲೆ ಅದಕ್ಕಿಂತ ಜೋರಿರುತ್ತದೆ. ನನ್ನ ಮಿತಿ ಹೀಗೆ: ಸರಾಸರಿ 8, ರಭಸದ ಹೊಡೆತ 12. ಎರಡರಲ್ಲಿ ಯಾವುದು ಮೀರಿದರೂ ಆ ದಿನ ಏಣಿನ ಮೇಲೆ ಹೋಗಬೇಡಿ.

ಗಾಳಿಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ಮೆಟ್ಟಿಲು ಬೆಟ್ಟದ ಆಗ್ನೇಯ ಮುಖದಲ್ಲಿ ಏರುತ್ತದೆ. ಗಾಳಿ ಪಶ್ಚಿಮದಿಂದಲೋ ವಾಯವ್ಯದಿಂದಲೋ ಬೀಸುತ್ತಿದ್ದರೆ ಹತ್ತುವಷ್ಟು ಹೊತ್ತೂ ಬೆಟ್ಟವೇ ಅಡ್ಡ ನಿಂತು ಕಾಯುತ್ತದೆ. ಬೆವರುತ್ತ, ಜಾಕೆಟ್ ಬಿಚ್ಚಿ, ಎಷ್ಟು ಹಿತವಾಗಿದೆ ಎಂದುಕೊಂಡು ಏರುತ್ತೀರಿ. ಕೊನೆಯ ಮೆಟ್ಟಿಲಿನಲ್ಲಿ ತಲೆ ಏಣಿನ ಮೇಲೆ ಬರುತ್ತಿದ್ದಂತೆ ತಡೆಯಿಲ್ಲದ ಗಾಳಿ ಎದೆಗೇ ಗುದ್ದುತ್ತದೆ, ಎದುರಿಗೆ ಪ್ರಪಾತ. ಆದ್ದರಿಂದ ಕೊನೆಯ ನೂರು ಮೆಟ್ಟಿಲು ಉಳಿದಿರುವಾಗಲೇ ನಿಂತು ಜಾಕೆಟ್ ಹಾಕಿ, ಜಿಪ್ ಏರಿಸಿ, ಟೋಪಿ ಬಿಗಿಮಾಡಿ, ಫೋನನ್ನು ಒಳಜೇಬಿಗೆ ಸೇರಿಸಿ. ಮೇಲೆ ಹೋಗಿ ಹಾಕಿಕೊಳ್ಳುತ್ತೇನೆ ಅಂದರೆ ಕೈಯಲ್ಲಿ ಬಟ್ಟೆ ಹಾರಾಡುತ್ತಿರುವಾಗ ಕಾಲು ಎಲ್ಲಿದೆ ಎಂಬ ಗಮನ ಇರುವುದಿಲ್ಲ.

ಮೋಡದ ಪರೀಕ್ಷೆ ಸುಲಭ. ಊರಿನಿಂದ ತಲೆಯೆತ್ತಿ ನೋಡಿ. ನಿಮಗೆ ಏಣು ಕಾಣದಿದ್ದರೆ ಏಣಿನಿಂದ ಊರೂ ಕಾಣದು. ಕಾಫಿ ಕುಡಿದು ಕಾಯಿರಿ. ಇಲ್ಲಿನ ಮೋಡ ಒಂದೆರಡು ಗಂಟೆಯಲ್ಲಿ ಹರಿದುಹೋಗುವುದೂ ಉಂಟು.

ಹೊತ್ತಿನ ಮಾತಿಗೆ ಬರೋಣ. ಆಗಸ್ಟ್ ಕೊನೆಯಲ್ಲಿ ಅಲ್ಲಿ ಬೆಳಿಗ್ಗೆ ಐದೂಕಾಲರ ಸುಮಾರಿಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತರ ಹೊತ್ತಿಗೆ ಮುಳುಗುತ್ತಾನೆ. ಮಧ್ಯರಾತ್ರಿಯ ಸೂರ್ಯನ ಕಾಲ ಜುಲೈ ನಡುವಿಗೇ ಮುಗಿದಿರುತ್ತದೆ, ಹಗಲು ದಿನಕ್ಕೆ ಏಳೆಂಟು ನಿಮಿಷ ಕುಗ್ಗುತ್ತಿರುತ್ತದೆ. ಹಳೆಯ ಜೂನ್ ತಿಂಗಳ ಫೋಟೋ ನೋಡಿ 'ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ' ಎಂದು ನಂಬಬೇಡಿ. ಸೂರ್ಯಾಸ್ತ ನೋಡಿ ಇಳಿಯಲು ಶುರುಮಾಡಿದರೆ ಕೊನೆಯ ಸಾವಿರ ಮೆಟ್ಟಿಲನ್ನು ದಣಿದ ಮಂಡಿಯಲ್ಲಿ, ಮಬ್ಬಿನಲ್ಲಿ, ಇಬ್ಬನಿ ಕೂತ ಕಲ್ಲಿನ ಮೇಲೆ ಇಳಿಯಬೇಕಾಗುತ್ತದೆ. ಬೆಳಿಗ್ಗೆ ಆರೂವರೆಗೆ ಬುಡದಲ್ಲಿದ್ದರೆ ಲಾಭ ಮೂರು. ಆಗ್ನೇಯ ಮುಖಕ್ಕೆ ಬೆಳಗಿನ ಬಿಸಿಲು ನೇರವಾಗಿ ಬೀಳುವುದರಿಂದ ಕಲ್ಲು ಬೇಗ ಒಣಗುತ್ತದೆ. ಹತ್ತರಿಂದ ನಾಲ್ಕರವರೆಗಿನ ಜನಸಂದಣಿ ತಪ್ಪುತ್ತದೆ, ತಲೆಯ ಮೇಲೆ ಜನ ಕಡಿಮೆಯಿದ್ದರೆ ಉರುಳುವ ಕಲ್ಲೂ ಕಡಿಮೆ. ಏನಾದರೂ ಹೆಚ್ಚುಕಮ್ಮಿಯಾದರೆ ಇಡೀ ದಿನದ ಬೆಳಕು ಕೈಯಲ್ಲಿರುತ್ತದೆ. ಹಾಗಿದ್ದೂ ಸಂಜೆಯೇ ಬೇಕೆಂದರೆ ಇಬ್ಬರಿಗೂ ಒಂದೊಂದು ತಲೆದೀಪ ಇರಲೇಬೇಕು. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಅದು ಒಂದು ಕೈಯನ್ನು ಕಟ್ಟಿಹಾಕುತ್ತದೆ.

ಹತ್ತಲು ಒಂದರಿಂದ ಒಂದೂವರೆ ಗಂಟೆ, ಇಳಿಯಲೂ ಅಷ್ಟೇ ಹಿಡಿಯಿರಿ. ಹತ್ತುವಾಗ ಮೊದಲ ಹದಿನೈದು ನಿಮಿಷ ಬೇಕೆಂತಲೇ ನಿಧಾನ ಹೋಗಿ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಒಂದು ಗೇಣಿನದಾದರೆ ಮುಂದಿನದು ಮಂಡಿಯ ಹತ್ತಿರ ಬರುತ್ತದೆ. ಚಾಮುಂಡಿಯಲ್ಲಿ ಸಿಗುವ ಲಯ ಇಲ್ಲಿ ಸಿಗುವುದಿಲ್ಲ, ಅದನ್ನು ಹುಡುಕುತ್ತ ಓಡಿದವರಿಗೆ ಅರ್ಧ ದಾರಿಯಲ್ಲೇ ತೊಡೆ ನಡುಗುತ್ತದೆ.

ಹೆಚ್ಚು ಜನ ಬೀಳುವುದು, ಕಾಲು ಉಳುಕಿಸಿಕೊಳ್ಳುವುದು ಇಳಿಯುವಾಗ. ಮೈಭಾರವೆಲ್ಲ ತೊಡೆಯ ಮುಂಭಾಗದ ಮೇಲೆ ಬೀಳುತ್ತದೆ, ಅದು ಸೋತಮೇಲೆ ಹೆಜ್ಜೆ ನಮ್ಮ ಹಿಡಿತದಲ್ಲಿ ಇರುವುದಿಲ್ಲ, ಧೊಪ್ಪನೆ ಬೀಳತೊಡಗುತ್ತದೆ. ಎದುರಿಗೆ ಕಡಲು ಹರಡಿಕೊಂಡಿರುವುದರಿಂದ ಕಣ್ಣು ಬೇರೆ ಅತ್ತ ಎಳೆಯುತ್ತದೆ. ನಿಂತು ನೋಡಿ, ನಡೆಯುವಾಗ ಮೆಟ್ಟಿಲನ್ನೇ ನೋಡಿ. ಕಡಿದಾದ ಕಡೆ ಪಾದವನ್ನು ಸ್ವಲ್ಪ ಓರೆಯಾಗಿಟ್ಟು ಇಳಿದರೆ ಇಡೀ ಅಂಗಾಲು ಕಲ್ಲಿನ ಮೇಲೆ ಕೂರುತ್ತದೆ. ಇನ್ನೂರು ಮೆಟ್ಟಿಲಿಗೊಮ್ಮೆ ಒಂದು ನಿಮಿಷ ನಿಲ್ಲಿ. ಟ್ರೆಕ್ಕಿಂಗ್ ಕೋಲು ಇಲ್ಲಿ ನಿಜಕ್ಕೂ ಉಪಯೋಗ. ತುದಿಗೆ ರಬ್ಬರ್ ಟೋಪಿ ಇರಲಿ, ಬರೀ ಲೋಹದ ಮೊನೆ ಚಪ್ಪಡಿಯ ಮೇಲೆ ಜಾರುತ್ತದೆ. ಇಳಿಯುವಾಗ ಕೋಲನ್ನು ಐದು-ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ವಿಮಾನದಲ್ಲಿ ಇವನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಲಗೇಜಿಗೆ ಹಾಕಿ.

ಮೆಟ್ಟಿಲು ಮುಗಿಯುವುದು ಎರಡು ಏರುಗಳ ನಡುವಿನ ತಗ್ಗಿನಲ್ಲಿ. ಅಲ್ಲಿ ನಿಂತರೇ ಕೆಳಗೆ ರೈನೆವಾಟ್ನೆ ಕೆರೆ, ಅದರಾಚೆ ರೈನೆ, ಸಾಕ್ರಿಸೊಯ, ಹಾಮ್ನೊಯ ಊರುಗಳು, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕೊಲ್ಲಿ) ನಡುವೆ ಎದ್ದ ಓಲ್‌ಸ್ಟಿಂಡ್ ಶಿಖರ ಎಲ್ಲ ಕಾಣುತ್ತವೆ. ನೀವು ಫೋಟೋಗಳಲ್ಲಿ ನೋಡಿರುವ ನೋಟ ಬಹುಪಾಲು ಇದೇ. ಏಣು ಅಲ್ಲಿಂದ ಮುಂದೆಯೂ ಹೋಗುತ್ತದೆ, ಆದರೆ ಕಿರಿದಾದ ಕಾಲುದಾರಿ, ಬದಿಯಲ್ಲಿ ನೇರ ಪ್ರಪಾತ, ಮೆಟ್ಟಿಲಿನ ಆಸರೆಯಿಲ್ಲ. ಕಲ್ಲು, ಹುಲ್ಲು ಒಣಗಿದ್ದು ಗಾಳಿ ಇಲ್ಲದ ದಿನ, ಎತ್ತರದ ಭಯವಿಲ್ಲದವರು ಮಾತ್ರ ಸ್ವಲ್ಪ ದೂರ ಹೋಗಬಹುದು. ಒದ್ದೆ ಹುಲ್ಲಿನ ಮೇಲೆ ಒಂದು ಹೆಜ್ಜೆಯೂ ಬೇಡ. ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುವುದಂತೂ ಖಂಡಿತ ಬೇಡ.

ಬಟ್ಟೆ: ಮೈಗೆ ತಾಗುವಂತೆ ತೆಳ್ಳನೆಯ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ಗಾಳಿ ಎರಡನ್ನೂ ತಡೆಯುವ ಜಾಕೆಟ್. ಬೇಸಿಗೆಯ ನಡುವಲ್ಲೂ ಅಲ್ಲಿ ಹನ್ನೆರಡು-ಹದಿಮೂರು ಡಿಗ್ರಿ ಅಷ್ಟೇ, ಗಾಳಿ ಸೇರಿದರೆ ಇನ್ನೂ ಚಳಿ. ಜೀನ್ಸ್, ಹತ್ತಿ ಟೀ ಶರ್ಟ್ ಬೇಡ: ಬೆವರು ಹೀರಿ ಒದ್ದೆಯಾಗಿಯೇ ಉಳಿದು, ಏಣಿನ ಗಾಳಿಗೆ ಐದು ನಿಮಿಷದಲ್ಲಿ ನಡುಗಿಸುತ್ತದೆ. ಪಶ್ಚಿಮ ಘಟ್ಟದ ಮಳೆಗಾಲದ ಚಾರಣಕ್ಕೆ ನಾವು ಹೊದೆಯುವ ಪೊಂಚೊ ಇಲ್ಲಿ ಅಪಾಯ, ಗಾಳಿ ತುಂಬಿಕೊಂಡು ಹಾಯಿಯಂತೆ ಉಬ್ಬಿ ಎಳೆಯುತ್ತದೆ, ಕಾಲಡಿಯ ಮೆಟ್ಟಿಲನ್ನೂ ಮರೆಮಾಡುತ್ತದೆ. ತೆಳು ಕೈಗವಸು, ಕಿವಿ ಮುಚ್ಚುವ ಟೋಪಿ ಚೀಲದಲ್ಲಿರಲಿ. ಬೂಟಿನ ಅಟ್ಟೆಗೆ ಆಳವಾದ ಹಲ್ಲುಗಳಿರಬೇಕು. ಸವೆದ ಓಟದ ಶೂ ಒದ್ದೆ ಕಲ್ಲಿನ ಮೇಲೆ ಸೋಪಿನಂತೆ ಜಾರುತ್ತದೆ. ಹೊಸ ಬೂಟಾದರೆ ಈಗಲೇ ಕೊಂಡು ಚಾಮುಂಡಿಯಲ್ಲಿ ನಾಲ್ಕೈದು ಸಲ ಪಳಗಿಸಿ. ಬಸ್ಸಿನಲ್ಲಿ ಇಳಿಯದೆ ಮೆಟ್ಟಿಲಿನಲ್ಲೇ ಇಳಿಯಿರಿ, ಸಾಧ್ಯವಾದ ದಿನ ಎರಡು ಸುತ್ತು ಮಾಡಿ. ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಸಾಕು, ನಲ್ಲಿಯ ನೀರನ್ನೇ ತುಂಬಿಕೊಳ್ಳಿ, ನಾರ್ವೆಯಲ್ಲಿ ಅದು ಕುಡಿಯಲು ಯೋಗ್ಯ. ತಿನ್ನಲು ಶೇಂಗಾ ಚಿಕ್ಕಿ, ಖರ್ಜೂರ ಒಳ್ಳೆಯದು. ಮನೆಯಿಂದ ಒಯ್ಯುವಾಗ ನೆನಪಿರಲಿ: ಭಾರತದಿಂದ ಹೋಗುವವರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ನಾರ್ವೆಯೊಳಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಇರಲಿ.

ತುರ್ತು ಸಂಖ್ಯೆಗಳು: ಆಂಬುಲೆನ್ಸಿಗೆ 113, ಪೊಲೀಸರಿಗೆ 112. 'ಯೆಲ್ಪ್ 113' ಎಂಬ ಆ್ಯಪ್ ನೀವು ಕರೆ ಮಾಡಿದಾಗ ನೀವಿರುವ ಜಾಗವನ್ನು ತುರ್ತು ಕೇಂದ್ರದವರಿಗೆ ತಿಳಿಸುತ್ತದೆ, ಮೊದಲೇ ಹಾಕಿಕೊಳ್ಳಿ. ಬೆಟ್ಟ ಮೋಡದೊಳಗಿದ್ದರೆ ಹೆಲಿಕಾಪ್ಟರ್ ಹತ್ತಿರ ಬರುವುದು ಕಷ್ಟ. ನಾರ್ವೆಯವರು ಪಾಲಿಸುವ ಬೆಟ್ಟದ ಒಂಬತ್ತು ನಿಯಮಗಳಲ್ಲಿ ಎಂಟನೆಯದು, ಹೊತ್ತಿಗೆ ಸರಿಯಾಗಿ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎನ್ನುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಸಾಕು ಅನ್ನಿಸಿದರೂ ಇಬ್ಬರೂ ಇಳಿಯುವುದು ಎಂದು ಬುಡದಲ್ಲೇ ಮಾತಾಡಿಕೊಳ್ಳಿ. ಅರ್ಧ ದಾರಿಯಲ್ಲಿ ತಿರುಗಿ ನಿಂತರೂ ವೆಸ್ಟ್‌ಫ್ಯೋರ್ಡ್ ಕಡಲಿನ ನೋಟ ಸಿಕ್ಕಿರುತ್ತದೆ.

ಮೂರು ದಿನವೂ ಮಳೆ ಬಿಡದಿದ್ದರೆ ರೈನೆಬ್ರಿಂಗೆನ್ ಕೈಬಿಟ್ಟು ವೆಸ್ಟ್‌ವೊಗೊಯ ದ್ವೀಪದ ಹೌಕ್‌ಲಾಂಡ್ ಕಡಲತೀರಕ್ಕೆ ಹೋಗಿ. ಅಲ್ಲಿಂದ ಉಟ್ಟಾಕ್‌ಲೈವ್‌ವರೆಗೆ, ಸುರಂಗ ಬರುವ ಮೊದಲು ಬಳಸುತ್ತಿದ್ದ ಹಳೆಯ ರಸ್ತೆ ಬೆಟ್ಟದ ಬುಡ ಸುತ್ತಿಕೊಂಡು ಸಮುದ್ರದ ಪಕ್ಕದಲ್ಲೇ ಸಾಗುತ್ತದೆ. ಹೆಚ್ಚು ಏರಿಳಿತವಿಲ್ಲ, ಮಳೆ ಜಾಕೆಟ್ ಇದ್ದರೆ ಸಾಕು.