ಆಪ್ತಸಲಹೆ ಪ್ರಕರಣ: ಪ್ರವಾದನೆ ಮೇಲೆ ಡೌಟು ಬಂದ ಮಗ, ಮಾತು ಬಿಟ್ಟ ಅಪ್ಪ

ಹೆಸರು, ಕೆಲಸ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಇಬ್ಬರ ಒಪ್ಪಿಗೆ ತಗೊಂಡೇ ಬರೀತಿರೋದು. ಹುಡುಗನ್ನ ಸ್ಯಾಮ್ ಅಂತ ಕರೆಯೋಣ. ಧಾರವಾಡ ಕಡೆಯ ಹಳೇ ಬಾಸೆಲ್ ಮಿಷನ್ ಕ್ರೈಸ್ತ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಅಪ್ಪ ಚರ್ಚ್ ಕಮಿಟಿಯಲ್ಲಿ ಹಿರಿಯರು. ಮಗನಿಗೆ ವರ್ಕ್ ಫ್ರಮ್ ಹೋಮ್, ಭಾನುವಾರ ಸಂಡೇಸ್ಕೂಲ್ ಟೀಚರ್ರು. ನನ್ನ ಹತ್ರ ಬಂದಿದ್ದು ನಿದ್ದೆ ಬರಲ್ಲ ಅಂತ. ಕೂರಿಸಿ ಕೇಳಿದ್ರೆ ರಾತ್ರಿ ಎರಡು ಗಂಟೆ ತನಕ ಡಿಬೇಟ್ ವಿಡಿಯೋ ನೋಡ್ತಾನೆ, ಒಬ್ಬ ರಬ್ಬಿ, ಅಂದ್ರೆ ಯೆಹೂದಿ ಧರ್ಮಗುರು, ಒಬ್ಬ ನಾಸ್ತಿಕ, ಒಬ್ಬ ಪಾಸ್ಟರ್ರು, ಒಬ್ಬರಾದ ಮೇಲೆ ಒಬ್ಬರು, ಬೆಳಿಗ್ಗೆ ಎದ್ದಾಗ ಎದೆ ಭಾರ. ಚರ್ಚಲ್ಲಿ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ) ತಗೊಳ್ಳೋದು ಬಿಟ್ಟಿದಾನೆ. ಅಪ್ಪ ಕಾರಣ ಕೇಳಿದ್ದಾರೆ, ಇವನು ಹೇಳಿದಾನೆ, ಅಲ್ಲಿಂದ ಮನೇಲಿ ಮಾತು ಬಂದ್.

ಜೊತೆಗೆ ಒಂದು ನೋಟ್‌ಬುಕ್ ತಂದಿದ್ದ, ಹಿಂದೆ ಯಾವುದೋ ಯೂತ್ ಕ್ಯಾಂಪಲ್ಲಿ ಬರೆಸಿದ್ದು. ಎಡಗಡೆ ಹಳೆ ಒಡಂಬಡಿಕೆ ವಚನ, ಬಲಗಡೆ ಹೊಸ ಒಡಂಬಡಿಕೆ ವಚನ, ಪ್ರವಾದನೆ ಯೇಸುವಿನಲ್ಲಿ ನೆರವೇರಿತು ಅಂತ ಪಕ್ಕದಲ್ಲಿ ಹಸಿರು ಪೆನ್ನಲ್ಲಿ ಟಿಕ್. ಆ ಟಿಕ್‌ಗಳ ಮೇಲೇ ಈಗ ಕೆಂಪು ಪೆನ್ನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹೋಶೇಯ ಪ್ರವಾದಿಯ 11:1, 'ಐಗುಪ್ತದಿಂದ (ಈಜಿಪ್ಟಿಂದ) ನನ್ನ ಮಗನನ್ನ ಕರೆದೆ' ಅನ್ನೋ ಸಾಲಲ್ಲಿ ಎಷ್ಟು ಒತ್ತಿ ಬರೆದಿದಾನೆ ಅಂದ್ರೆ ಹಾಳೆ ಹರಿದಿದೆ.

"ಮೇಡಂ, ಇದು ಪ್ರವಾದನೆನೇ ಅಲ್ಲ. ಇಸ್ರಾಯೇಲ್ ಜನಾಂಗ ಚಿಕ್ಕ ಮಗನ ಹಾಗಿದ್ದಾಗ ಅವನ್ನ ಐಗುಪ್ತದಿಂದ ಕರೆದೆ ಅಂತ ದೇವರು ಹಳೇ ಕಥೆ ನೆನೆಸಿಕೊಳ್ತಿದಾನೆ ಅಷ್ಟೇ. ಸುವಾರ್ತೆ ಬರೆದ ಮತ್ತಾಯ ಅದನ್ನ ಕಿತ್ತು, ಮಗುವಾಗಿದ್ದಾಗ ಐಗುಪ್ತಕ್ಕೆ ಹೋಗಿ ಬಂದ ಯೇಸುಸ್ವಾಮಿಗೆ ಅಂಟಿಸಿದಾನೆ. ಒಂದು ಸುಳ್ಳಾದ್ರೆ ಮಿಕ್ಕಿದ್ದೂ ಸುಳ್ಳೇ ಅಲ್ವಾ?"

ನಾನೂ ಕ್ರೈಸ್ತಳೇ, ಅದನ್ನ ಅವನಿಗೆ ಮೊದಲೇ ಹೇಳಿದ್ದೆ. ನನಗೆ ಕಂಡಿದ್ದು ಏನಪ್ಪ ಅಂದ್ರೆ, ಅವನನ್ನ ಬೀಳಿಸಿದ್ದು ರಬ್ಬಿಯ ಪ್ರಶ್ನೆಗಿಂತ ಜಾಸ್ತಿ ಆ ಎರಡು ಕಾಲಮ್ಮು. ಪ್ರವಾದನೆ ಅಂದ್ರೆ ಮೊದಲೇ ಹೇಳಿದ ಭವಿಷ್ಯ, ಹೊಂದಿದ್ರೆ ಟಿಕ್ಕು, ಹೊಂದದಿದ್ರೆ ಇಡೀ ಬೈಬಲ್ ಫೇಲು, ಹೀಗೆ ಕಲಿಸಿಬಿಟ್ರೆ ಒಂದು ಸಾಲು ಅಲ್ಲಾಡಿದ ದಿನ ಎಲ್ಲಾ ಅಲ್ಲಾಡುತ್ತೆ. ಅಮೆರಿಕದ ಪೀಟರ್ ಸ್ಟೋನರ್ ಅನ್ನೋ ಗಣಿತದ ಮೇಷ್ಟ್ರ ಲೆಕ್ಕ ನೀವೂ ಪ್ರಸಂಗದಲ್ಲಿ ಕೇಳಿರ್ತೀರ, ಎಂಟು ಪ್ರವಾದನೆ ಒಬ್ಬನಲ್ಲೇ ನೆರವೇರೋ ಸಾಧ್ಯತೆ 10ರ ಘಾತ 17ರಲ್ಲಿ ಒಂದು, ಟೆಕ್ಸಸ್ ತುಂಬ ಎರಡಡಿ ಎತ್ತರಕ್ಕೆ ಬೆಳ್ಳಿ ನಾಣ್ಯ ಸುರಿದು ಕಣ್ಣು ಕಟ್ಟಿಕೊಂಡು ಒಂದು ಆರಿಸಿದ ಹಾಗೆ ಅಂತ. ದಯವಿಟ್ಟು ಅದನ್ನ ಡೌಟ್ ಇರೋರ ಮುಂದೆ ಹೇಳ್ಬೇಡಿ. ಈ ವಚನ ನಿಜಕ್ಕೂ ಮೆಸ್ಸೀಯನ, ಅಂದ್ರೆ ದೇವರು ಕಳಿಸ್ತೀನಿ ಅಂದ ರಕ್ಷಕನ ಬಗ್ಗೆನಾ, ಅದು ನಿಜಕ್ಕೂ ಹಾಗೇ ನಡೀತಾ ಅನ್ನೋದೇ ಅವರ ಪ್ರಶ್ನೆ, ಆ ಎರಡನ್ನೂ ಒಪ್ಕೊಂಡ ಮೇಲೆ ಶುರುವಾಗೋ ಲೆಕ್ಕ ಇದು.

ಸರಿ, ನೋಟ್‌ಬುಕ್ ಮುಚ್ಚಿಸಿ ಮತ್ತಾಯ 2ರಿಂದ 4 ಒಂದೇ ಸಲ ಓದು ಅಂದೆ. ಐಗುಪ್ತದಿಂದ ಹೊರಗೆ ಬರೋದು, ನೀರು ದಾಟೋದು (ಇಸ್ರಾಯೇಲಿಗೆ ಸಮುದ್ರ, ಯೇಸುಗೆ ದೀಕ್ಷಾಸ್ನಾನ), ಅಡವಿ. ಇಸ್ರಾಯೇಲ್ 40 ವರ್ಷ, ಯೇಸು 40 ದಿನ. ಅಲ್ಲಿ ಪರೀಕ್ಷೆ ಮಾಡಿದ ಸೈತಾನನಿಗೆ ಯೇಸು ಕೊಟ್ಟ ಮೂರು ಉತ್ತರನೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ್ದೇ, ಅದೂ 6 ಮತ್ತು 8ನೇ ಅಧ್ಯಾಯದಿಂದ, ಇಸ್ರಾಯೇಲ್ ಅಡವಿಯಲ್ಲಿ ಸೋತಿದ್ದನ್ನ ಮೋಶೆ ನೆನಪಿಸೋ ಜಾಗ. ಅಂದ್ರೆ ಹೋಶೇಯ ಹಿಂದಿನ ಕಥೆ ಹೇಳ್ತಿದಾನೆ ಅಂತ ಮತ್ತಾಯನಿಗೆ ಚೆನ್ನಾಗೇ ಗೊತ್ತು. ಇಸ್ರಾಯೇಲ್ ನಡೆದು ಎಡವಿದ ದಾರೀಲಿ ಈ ಮಗ ಮತ್ತೆ ನಡೀತಿದಾನೆ ಅಂತ ಅವನು ತೋರಿಸ್ತಿರೋದು. ಇನ್ನೊಂದು, ಕಥೆ ಕಟ್ಟೋನಿಗೆ ಈ ವಚನ ಯಾಕೆ ಬೇಕು? ಮೆಸ್ಸೀಯ ಐಗುಪ್ತದಿಂದ ಬರ್ತಾನೆ ಅಂತ ಯಾರೂ ಕಾಯ್ತಿರಲಿಲ್ಲ. 'ನಜರಾಯನು' (ನಜರೇತ್ ಊರಿನವನು) ಅನಿಸಿಕೊಳ್ಳುವನು ಅಂತ 2:23ರಲ್ಲಿದೆಯಲ್ಲ, ಆ ಮಾತು ಹಳೆ ಒಡಂಬಡಿಕೆಯಲ್ಲಿ ಹಾಗೇ ಎಲ್ಲೂ ಇಲ್ಲ. ವಚನಕ್ಕೆ ತಕ್ಕ ಹಾಗೆ ಘಟನೆ ಹೆಣೆಯೋನು ಇನ್ನೂ ನೀಟಾಗಿ ಹೆಣೀತಿದ್ದ. ಘಟನೆ ಮೊದಲು ಕೈಗೆ ಬಂದು ಆಮೇಲೆ ಶಾಸ್ತ್ರದಲ್ಲಿ ಅರ್ಥ ಹುಡುಕಿದ ಹಾಗೆ ಕಾಣುತ್ತೆ.

"ಹಾಗಾದ್ರೆ ಬೇತ್ಲೆಹೇಮ್?" ಅಂದ. ಜಾಣ. ಬೇತ್ಲೆಹೇಮಿಂದ ಆಳೋನು ಬರ್ತಾನೆ ಅನ್ನೋ ಮೀಕ 5:2 ಜನ ಕಾಯ್ತಿದ್ದ ವಚನನೇ, ಯೋಹಾನನ ಸುವಾರ್ತೆ 7ರಲ್ಲಿ ಜನ ಇದನ್ನೇ ಹಿಡ್ಕೊಂಡು, ಇವನು ಗಲಿಲಾಯದವನಲ್ವಾ ಅಂತ ಆಕ್ಷೇಪ ಮಾಡ್ತಾರೆ. ಕಥೆ ಕಟ್ಟೋನಿಗೆ ಈ ವಚನ ಯಾಕೆ ಬೇಕು ಅನ್ನೋ ನನ್ನ ವಾದ ಅಲ್ಲಿ ನಡೆಯಲ್ಲ. ಯೇಸು ಹುಟ್ಟಿದ್ದನ್ನ ಬರೆದ ಮತ್ತಾಯ, ಲೂಕ ಇಬ್ಬರ ಕಥೆ ಬೇರೆ ಬೇರೆ ದಾರಿ ಹಿಡಿದ್ರೂ ಊರು ಮಾತ್ರ ಒಂದೇ, ನಂಬೋಕೆ ಅದು ಒಳ್ಳೆ ಕಾರಣ, ಆದ್ರೆ ಎದುರಿನವನ ಬಾಯಿ ಮುಚ್ಚಿಸೋ ಪ್ರೂಫ್ ಅಲ್ಲ ಅಂತ ಹೇಳಿದೆ. ಹಳೆ ಒಡಂಬಡಿಕೆಯ ಯೆಶಾಯ ಪ್ರವಾದಿಯ ಪುಸ್ತಕ ಯೇಸು ಆದ ಮೇಲೆ ಬರೆದಿದ್ದು ಅಂತ ಅವನ ಫ್ರೆಂಡ್ ಹೇಳಿದ್ದಕ್ಕೆ ಮಾತ್ರ ಚರ್ಚೆನೇ ಬೇಡ. 1947ರಲ್ಲಿ ಮೃತ ಸಮುದ್ರದ ಹತ್ರದ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ, ಏಳು ಮೀಟರಿಗೂ ಉದ್ದ, ಕ್ರಿಸ್ತಪೂರ್ವ 2ನೇ ಶತಮಾನದ್ದು ಅಂತ ತಜ್ಞರು ಹೇಳ್ತಾರೆ, 53ನೇ ಅಧ್ಯಾಯನೂ ಅದರಲ್ಲಿದೆ.

ಆ 53ರಲ್ಲಿ ಬರೋ, ಬೇರೆಯವರಿಗೋಸ್ಕರ ನೋವು ತಿನ್ನೋ ಸೇವಕ ಇಸ್ರಾಯೇಲ್ ಜನಾಂಗನೇ ಅಂತ 11ನೇ ಶತಮಾನದ ರಾಶಿ ಅನ್ನೋ ರಬ್ಬಿ ಬರೆದಿದಾರೆ, ಅದೇನೂ ಮೊಂಡುವಾದ ಅಲ್ಲ, 49:3ರಲ್ಲಿ ನೇರವಾಗೇ 'ನೀನು ನನ್ನ ಸೇವಕ, ಇಸ್ರಾಯೇಲ್' ಅಂತಿದೆ. ಆದ್ರೆ ಎರಡೇ ವಚನ ಮುಂದೆ ಹೋದ್ರೆ ಅದೇ ಸೇವಕ ಇಸ್ರಾಯೇಲನ್ನ ವಾಪಸ್ ಕರ್ಕೊಂಡು ಬರಬೇಕು ಅಂತಿದೆ. ಜನಾಂಗದ ಹೆಸರು ಹೊತ್ತವನು ಜನಾಂಗಕ್ಕೋಸ್ಕರ ನಿಲ್ತಾನೆ, ಕ್ರೈಸ್ತರು ಹಿಡಿಯೋ ಎಳೆ ಇದು. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ, ಅಂದ್ರೆ ಆಸ್ಥಾನದ ಅಧಿಕಾರಿ, ಇದೇ 53ನ್ನ ರಥದಲ್ಲಿ ಕೂತು ಓದ್ತಾ ಸುವಾರ್ತೆ ಸಾರೋ ಫಿಲಿಪ್ಪನ್ನ ಕೇಳಿದ್ದೂ ಇದೇ ಪ್ರಶ್ನೆ, ಪ್ರವಾದಿ ಯಾರ ವಿಷಯ ಹೇಳ್ತಿದಾನೆ, ತನ್ನದೋ ಬೇರೆಯವನದೋ? ಫಿಲಿಪ್ಪ ಬೈಲಿಲ್ಲ, ರಥ ಹತ್ತಿ ಪಕ್ಕದಲ್ಲಿ ಕೂತ.

ಬೈದಿದ್ದು ಇವನ ಅಪ್ಪ. ಅವರನ್ನೂ ಕರೆಸಿದೆ. "ನಾಕ್ ತಲಿಯಿಂದ ನಂಬಿಕೊಂಡು ಬಂದೇವಿ ಮೇಡಮ್, ಯಾವನೋ ಫೋನ್‌ನ್ಯಾಗ ಹೇಳಿದ್ದು ಇವಗ ಖರೇ ಆತು" ಅಂದ್ರು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು, ಮಗ ಕೈ ತಪ್ಪಿ ಹೋಗ್ತಾನೆ ಅಂತ. ಉತ್ತರ ಕೊಡ್ಬೇಡಿ, ಇಬ್ಬರೂ ಕೂತು ಮತ್ತಾಯ 11 ಓದಿ ಅಂದೆ. ಯೇಸುಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕನಾದ ಯೋಹಾನ ಜೈಲಿಂದ ಹೇಳಿ ಕಳಿಸ್ತಾನೆ, ಬರಬೇಕಾದವನು ನೀನೋ, ನಾವು ಬೇರೊಬ್ಬನ ದಾರಿ ನೋಡಬೇಕೋ? ಉತ್ತರಕ್ಕೆ ಯೇಸು ಯೆಶಾಯನ ಮಾತುಗಳನ್ನೇ ಎತ್ಕೊಳ್ತಾರೆ, ಕುರುಡರು ನೋಡ್ತಾರೆ, ಕುಂಟರು ನಡೀತಾರೆ, ಬಡವರಿಗೆ ಸುವಾರ್ತೆ. ಆದ್ರೆ ಯೆಶಾಯ 61:1ರಲ್ಲಿ ಸೆರೆಯವರಿಗೆ ಬಿಡುಗಡೆ ಅಂತಾನೂ ಇದೆಯಲ್ಲ, ಸೆರೆಯಲ್ಲೇ ಕೂತವನಿಗೆ ಆ ಮಾತು ಕಳಿಸಲಿಲ್ಲ. ಯೋಹಾನ ಹೊರಗೆ ಬರಲೇ ಇಲ್ಲ, ಅಲ್ಲಿ ಆಳ್ತಿದ್ದ ಹೆರೋದ ತಲೆ ತೆಗೆಸಿದ.

1263ರಲ್ಲಿ ಸ್ಪೇನಿನ ಬಾರ್ಸೆಲೋನದಲ್ಲಿ ಅರಗಾನಿನ ರಾಜನ ಮುಂದೆ ಕ್ರೈಸ್ತರಿಗೂ ಯೆಹೂದಿಗಳಿಗೂ ನಡೆದ ವಾದದಲ್ಲಿ ನಹ್ಮನಿಡಿಸ್ ಅನ್ನೋ ರಬ್ಬಿ ಎತ್ತಿದ ಆಕ್ಷೇಪ ಇದಕ್ಕೆ ಹತ್ತಿರದ್ದೇ. ಮೆಸ್ಸೀಯ ಬಂದಾಗ ಯುದ್ಧ ನಿಲ್ಲಬೇಕು ಅಂತ ಯೆಶಾಯ 2 ಹೇಳುತ್ತಲ್ಲ, ನಿಂತಿದೆಯಾ? ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಇದು. ಎರಡನೇ ಬರೋಣ, ಅಂದ್ರೆ ಯೇಸು ಮತ್ತೆ ಬರ್ತಾರೆ ಅನ್ನೋದು ನಮ್ಮ ಉತ್ತರ, ಅರ್ಧ ಆಗಿದೆ ಅರ್ಧ ಬಾಕಿ ಇದೆ ಅಂತ. ಹೊರಗಿನವರಿಗೆ ಅದು ನುಣುಚಿಕೊಂಡ ಹಾಗೆ ಕೇಳ್ಸುತ್ತೆ, ಕೇಳ್ಸಲಿ. ಆ ಬಾಕಿಯ ನೋವು ಯೋಹಾನನಿಗೂ ಇತ್ತು, ಮತ್ತು ಅವನ ಶಿಷ್ಯರು ಅತ್ತ ಹೋಗ್ತಿದ್ದ ಹಾಗೇ ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಇವನಿಗಿಂತ ದೊಡ್ಡವನಿಲ್ಲ ಅಂತ ಯೇಸು ಜನರಿಗೆ ಹೇಳ್ತಾರೆ. ಇದನ್ನ ಅಪ್ಪ ಎರಡು ಸಲ ಓದಿಸ್ಕೊಂಡ್ರು.

ಸ್ಯಾಮ್‌ಗೆ ಹೇಳಿದ್ದು ಇಷ್ಟು: ರಾತ್ರಿ ಹತ್ತರ ಮೇಲೆ ಡಿಬೇಟ್ ಬೇಡ, ನಿದ್ದೆಗೆಟ್ಟ ತಲೆಗೆ ಎಲ್ಲಾ ವಾದನೂ ಸರಿ ಅನ್ಸುತ್ತೆ. ವಚನ ಒಂದೊಂದೇ ಕೀಳ್ಬೇಡ, ಅಧ್ಯಾಯ ಪೂರ್ತಿ ಓದು, ಆ ಕಾಲದ ಜನಕ್ಕೆ ಅದು ಏನಾಗಿತ್ತು ಅಂತ ಮೊದಲು ಬರ್ಕೋ. ಕರ್ತನ ಭೋಜನದ ವಿಷಯ ನಿಮ್ಮ ಚರ್ಚಿನ ಅಯ್ಯನವರ (ಪಾಸ್ಟರ್) ಹತ್ರ ಮಾತಾಡು, ಅದು ನನ್ನ ಕೆಲಸ ಅಲ್ಲ. ಎರಡು ವಾರದಲ್ಲಿ ನಿದ್ದೆ ಸರಿ ಹೋಗ್ದಿದ್ರೆ ಸೈಕಿಯಾಟ್ರಿಸ್ಟ್ ನೋಡ್ಬೇಕು ಅಂದಿದ್ದೆ, ಅಷ್ಟರಲ್ಲೇ ಸುಮಾರಾಗಿ ಬರೋಕೆ ಶುರುವಾಯ್ತು.

ಬೇತ್ಲೆಹೇಮ್ ಇನ್ನೂ ಅವನಿಗೆ ಬಗೆಹರಿದಿಲ್ಲ. ಕ್ರಿಸ್‌ಮಸ್ ಪ್ರೋಗ್ರಾಮಿಗೆ ಮಕ್ಕಳ ಕೈಲಿ ಯೆಶಾಯ 9 ಹೇಳಿಸ್ಲಾ ಬೇಡ್ವಾ ಅಂತ ಕೇಳ್ದ. ಹೇಳ್ಸು, ಆದ್ರೆ 'ಒಂದು ಮಗು' ಅಂತ 6ನೇ ವಚನದಿಂದ ಶುರು ಮಾಡ್ಬೇಡ, ಕತ್ತಲೆಯ ದೇಶದ ಮಾತಿಂದ, 1ನೇ ವಚನದಿಂದ ಶುರು ಮಾಡು, ಯಾವುದಾದ್ರೂ ಮಗು ಅದು ಆಗಿನ ರಾಜನ ಬಗ್ಗೆ ಅಲ್ವಾ ಟೀಚರ್ ಅಂದ್ರೆ ಕೂರಿಸ್ಕೊಂಡು ಮಾತಾಡು ಅಂದೆ. ಪಕ್ಕದಲ್ಲಿದ್ದ ಅಪ್ಪ ವಾಚ್ ನೋಡ್ಕೊಂಡ್ರು. "ಹಂಗಾದ್ರ ಪ್ರೋಗ್ರಾಮ್ ಅರ್ಧಾ ತಾಸ್ ಜಾಸ್ತಿ ಆಕ್ಕೇತಿ, ಕಮಿಟಿಗೆ ಈಗ ಹೇಳಿ ಇಡ್ತೀನಿ."