ತೊಡೆ ನೋವಿಗೆ ಲಟ್ಟಣಿಗೆ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಕಳೆದ ಭಾನುವಾರ ಗೆಳೆಯರ ಜೊತೆ ಕುಮಾರ ಪರ್ವತ ಹತ್ತಿ ಕುಕ್ಕೆಗೆ ಇಳಿದೆ. ಸೋಮವಾರ ಪರವಾಗಿರಲಿಲ್ಲ. ಮಂಗಳವಾರ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ‘ತೊಡೆಯಲ್ಲಿ ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಗಟ್ಟಿಯಾಗಿ ಮಸಾಜ್ ಮಾಡಿಸಿ ಹೊರಗೆ ಹಾಕಿಸು’ ಎನ್ನುತ್ತಾನೆ ಜಿಮ್ಮಿನ ಹುಡುಗ. ಮಾಡಿಸಲೇ?
– ಒಬ್ಬ ಓದುಗ, ಹಾಸನ

ಉತ್ತರ: ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ತೊಡೆ ಸರಿಹೋಗಿರುತ್ತದೆ. ಮಸಾಜ್ ಮಾಡಿಸಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ.

ಪಾಪ, ಲ್ಯಾಕ್ಟಿಕ್ ಆಸಿಡ್ ಮೇಲೆ ಸುಮ್ನೆ ಅಪವಾದ. ದಣಿದಾಗ ಏರುವ ಲ್ಯಾಕ್ಟೇಟ್ ಒಂದೆರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ಭಾನುವಾರ ರಾತ್ರಿ ನೀವು ಊಟಕ್ಕೆ ಕೂರುವಾಗಲೇ ಅದು ಮುಗಿದ ಕಥೆ. ನೋವು ಕೊಟ್ಟಿದ್ದು ಇಳಿಜಾರು. ಬಾವಿಗೆ ಕೊಡಪಾನ ಇಳಿಸುವಾಗ ಹಗ್ಗವನ್ನು ಬಿಗಿ ಹಿಡಿದೇ ಸಡಿಲ ಬಿಡುತ್ತೇವೆ, ಅಲ್ವಾ? 1712 ಮೀಟರಿನ ಬೆಟ್ಟ ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮಾಡಿದ್ದೂ ಅದೇ ಕೆಲಸ. ಮೈಭಾರ ತಡೆಯುತ್ತಲೇ ಉದ್ದವಾಗಬೇಕು. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ದೇಹ ರಿಪೇರಿಗೆ ಕೂತಾಗ ಊತ, ನೋವು. ಇದು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ.

ಮಸಾಜ್ ನೋವನ್ನು ಸ್ವಲ್ಪ ತಗ್ಗಿಸುತ್ತದೆ, ಹಾಯೆನಿಸುತ್ತದೆ. ರಿಪೇರಿಯನ್ನು ಬೇಗ ಮುಗಿಸುತ್ತದೆ ಎಂದು ನಾನಂತೂ ಹೇಳಲಾರೆ. ನಮ್ಮ ತಾತ ಮೈಸೂರಿನ ಒಂದು ಗರಡಿಯಲ್ಲಿ ಪೈಲ್ವಾನರಿಗೆ ಮಾಲೀಸು ಮಾಡುತ್ತಿದ್ದರು. ಬೆಚ್ಚಗಿನ ಎಳ್ಳೆಣ್ಣೆ, ಅಂಗೈ, ಕಾಲಿನಿಂದ ಮೇಲಕ್ಕೆ ನಿಧಾನದ ನೀವು. ಇನ್ನೂ ಗಟ್ಟಿಯಾಗಿ ಒತ್ತಿ ಎಂದು ಹುಡುಗರು ಕೇಳಿದರೆ, ‘ಇದು ನಾದೋ ಹಿಟ್ಟಲ್ಲ ಕಣೋ’ ಎನ್ನುತ್ತಿದ್ದರು. ಫಿಸಿಯೋಥೆರಪಿ ಓದಿ ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೂ ನಾನು ಹೇಳುವುದು ಅದನ್ನೇ. ದುಡ್ಡು ಕೊಟ್ಟು ಹೆಬ್ಬೆರಳಲ್ಲಿ ಒತ್ತಿಸಿಕೊಂಡು, ಮರುದಿನ ತೊಡೆ ನೀಲಿಗಟ್ಟಿಸಿಕೊಂಡು ಬರುವವರು ನನ್ನ ಬಳಿ ಜಾಸ್ತಿ.

ಮನೆಯಲ್ಲೇ ಮಾಡಿ. ಬಿಸಿನೀರಿನ ಸ್ನಾನ ಆದಮೇಲೆ ಒಂದೊಂದು ತೊಡೆಗೆ ಹತ್ತು ನಿಮಿಷ ಸಾಕು. ಫೋಮ್ ರೋಲರ್ ಕೊಳ್ಳಬೇಕಿಲ್ಲ, ಚಪಾತಿ ಲಟ್ಟಣಿಗೆಯನ್ನು ಪ್ಯಾಂಟಿನ ಮೇಲೇ ಹಗುರಾಗಿ ಉರುಳಿಸಿ. (ಮನೆಯವರನ್ನು ಕೇಳಿ ತಗೊಳ್ಳಿ.) ಉಸಿರು ಬಿಗಿ ಹಿಡಿಯುವಷ್ಟು ನೋವಾದರೆ ಒತ್ತಡ ಜಾಸ್ತಿ ಆಯಿತು ಅಂತಲೇ ಅರ್ಥ. ಜೊತೆಗೆ ಸ್ವಲ್ಪ ನಡೆದಾಡಿ.

ಎರಡು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನೇರ ಆಸ್ಪತ್ರೆಗೆ ಹೋಗಿ. ಸ್ನಾಯು ತೀರಾ ಹಾಳಾಗಿ ಕಿಡ್ನಿಗೆ ತೊಂದರೆ ಆಗುತ್ತಿರಬಹುದು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದನ್ನು ನೀವಲೇ ಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಸೇರುವ ಅಪಾಯವಿದೆ.

ಮುಂದಿನ ಸಲ ಚಾರಣಕ್ಕೆ ಎರಡು ವಾರ ಮೊದಲು ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಇಳಿಯಿರಿ. ಆರುನೂರಕ್ಕೂ ಹೆಚ್ಚಿವೆ. ಒಮ್ಮೆ ಇಳಿದು ನೋವು ತಿಂದ ಸ್ನಾಯು ಎರಡನೇ ಸಲ ಅಷ್ಟು ನೋಯುವುದಿಲ್ಲ.

ಪ್ರಶ್ನೆ: ನಿನ್ನೆ ನಮ್ಮ ಅಮ್ಮನ ಪಾದ ಹೊರಳಿ ಊದಿದೆ. ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿ ಎನ್ನುತ್ತಾರೆ ಪಕ್ಕದ ಮನೆಯವರು.
– ಒಬ್ಬ ಓದುಗಿ, ತುಮಕೂರು

ಉತ್ತರ: ಬೇಡಮ್ಮ. ಹೊಸ ಪೆಟ್ಟಿಗೆ ಎರಡು ಮೂರು ದಿನ ಎಣ್ಣೆಯೂ ಬೇಡ, ನೀವುವುದೂ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಐಸ್ ಸುತ್ತಿಡಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಅಮ್ಮನಿಗೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಮೂಳೆ ಮುಟ್ಟಿದರೆ ಚುರ್ರೆನ್ನುತ್ತಿದ್ದರೆ, ಇವತ್ತೇ ಎಕ್ಸ್-ರೇ ತೆಗೆಸಿ. ಹದಿನಾಲ್ಕನೇ ವಯಸ್ಸಿನಲ್ಲಿ ನನ್ನ ಕಾಲನ್ನೂ ಊರಲ್ಲಿ ಒಬ್ಬರು ಉಳುಕು ಅಂತ ಎಳೆದಿದ್ದರು. ಆಮೇಲೆ ನೋಡಿದರೆ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ತಾತ ಆಗ ಬದುಕಿದ್ದರು. ಆ ವಿಷಯ ತಿಳಿದ ಮೇಲೆ ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಿದ್ದರು.